ತೊಂಬತ್ತರ ಷೇರಿಗೆ ನೂರಿಪ್ಪತ್ತು

ಲಿಫ್ಟ್ ತಯಾರಿಸುವ ನಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಒಬ್ಬ ಸೂಪರ್‌ವೈಸರ್ ಇದ್ದ. ಹತ್ತೊಂಬತ್ತು ವರ್ಷ ಅವನು ಮಾಡಿದ್ದು ಎರಡೇ ಕೆಲಸ: ಮೇಲಿನವರಿಗೆ ಹಲ್ಲು ಗಿಂಜುವುದು, ಕೆಳಗಿನವರ ಮೇಲೆ ಹಲ್ಲು ಕಡಿಯುವುದು.

ಒಂದು ದಿನ ಕಂಪನಿ ಅವನ ಕೈಗೆ ಸ್ಟಾಕ್ ಆಪ್ಷನ್ ಎಂಬ ಕಾಗದ ಕೊಟ್ಟಿತು. ಮೂರು ವರ್ಷದೊಳಗೆ ಯಾವಾಗ ಬೇಕಾದರೂ ಕಂಪನಿಯ ಐನೂರು ಷೇರುಗಳನ್ನು ತಲಾ ನೂರಿಪ್ಪತ್ತಕ್ಕೆ ಕೊಳ್ಳುವ ಹಕ್ಕು ಅದು. ಪುಣ್ಯಾತ್ಮ ಐನೂರನ್ನು ನೂರಿಪ್ಪತ್ತರಿಂದ ಗುಣಿಸಿ, ಅರವತ್ತು ಸಾವಿರ ಮನೆಗೆ ಬಂತೆಂದು ಬೀಗಿದ. ಮರುದಿನದಿಂದ ನಡಿಗೆಯೇ ಬೇರೆ. ನೆಲಕ್ಕೆ ಬಿದ್ದ ಮೊಳೆ ಎತ್ತಿ ಹಿಡಿದು, “ನನ್ನ ಕಂಪನಿ ಮೊಳೆ ಕಣ್ರೋ ಇದು!” ಎಂದು ಕೂಗುತ್ತಿದ್ದ. ನಾವು ಅವನಿಗೆ ‘ಧಣಿ’ ಎಂದು ಹೆಸರಿಟ್ಟೆವು. ಪ್ಯಾಕಿಂಗ್ ಪೆಟ್ಟಿಗೆಗೆ ಹಲಗೆ ಕೊಯ್ಯುವಾಗ ಏಳುವ ಮರದ ಪುಡಿಗೆ ಕೆಮ್ಮಿ ಕೆಮ್ಮಿ ಸಾಕಾಗಿ ಧೂಳು ಎಳೆಯುವ ಫ್ಯಾನಿಗೆ ಅರ್ಜಿ ಬರೆದರೆ, ಧಣಿ ಸಹಿ ಹಾಕಲಿಲ್ಲ.

“ನನ್ನ ಲಾಭಕ್ಕೆ ನಾನೇ ಕಲ್ಲು ಹಾಕ್ಕೊಳ್ಲಾ?” ಎಂದ, ಕೆಮ್ಮುತ್ತಲೇ.

ಅವನ ಹೆಂಡತಿಯ ತಂಗಿ ಬ್ಯಾಂಕಿನಲ್ಲಿದ್ದಳು. ಒಂದು ಭಾನುವಾರ ಆ ಕಾಗದ ನೋಡಿದಳಂತೆ. ನಡೆದದ್ದನ್ನು ನನಗೆ ಹೇಳಿದವಳೂ ಅವಳೇ.

“ಭಾವ, ಇದು ಷೇರಲ್ಲ, ಕೊಂಡ್ಕೊಳ್ಳೋ ಹಕ್ಕು. ಪೇಟೇಲಿ ಬೆಲೆ ನೂರೈವತ್ತಾದ್ರೆ ನೀವು ನೂರಿಪ್ಪತ್ತಕ್ಕೆ ತಗೋಬಹುದು. ಆ ಮೂವತ್ತೇ ಇದರ ಆಂತರಿಕ ಮೌಲ್ಯ. ಈಗ ಪೇಟೇಲಿ ತೊಂಬತ್ತಿದೆ. ಅಂದ್ರೆ ಆಂತರಿಕ ಮೌಲ್ಯ ಸೊನ್ನೆ.”

“ಹಾಗಾದ್ರೆ ನಂಗೆ ಮೂವತ್ತು ನಷ್ಟಾನಾ?”

“ಇಲ್ಲ, ತಗೊಳ್ಳಲೇಬೇಕು ಅಂತ ಬಲವಂತ ಇಲ್ವಲ್ಲ. ಅದಕ್ಕೇ ಸೊನ್ನೆಗಿಂತ ಕೆಳಗೆ ಹೋಗಲ್ಲ. ಇನ್ನೂ ಮೂರು ವರ್ಷ ಇದೆ, ಬೆಲೆ ಏರಬಹುದು. ಸುಮ್ನೆ ಕಾಯಿರಿ.”

ಕಾಯುವುದಕ್ಕೆ ಕಾಸೂ ಬೇಡ, ಬುದ್ಧಿಯೂ ಬೇಡ. ಅಷ್ಟೂ ಅವನಿಂದಾಗಲಿಲ್ಲ. ಹೆಂಡತಿಯೆದುರು ‘ಸೊನ್ನೆ’ ಅನ್ನಿಸಿಕೊಂಡದ್ದು ಅವನಿಗೆ ಮೈಯೆಲ್ಲ ಉರಿ ಹತ್ತಿಸಿತ್ತು. ಆ ವಾರವೇ, ಅವಳಿಗೆ ಹಲ್ಲು ಕಟ್ಟಿಸಲೆಂದು ಕೂಡಿಟ್ಟದ್ದನ್ನೂ ಸೇರಿಸಿ ಅರವತ್ತು ಸಾವಿರ ಕಟ್ಟಿ ಷೇರು ಕೊಂಡ.

“ಪೇಟೇಲಿ ತೊಂಬತ್ತಕ್ಕೇ ಸಿಗುತ್ತಲ್ರೀ!” ಎಂದಳು ಹೆಂಡತಿ.

“ಅದು ಕಂಡಕಂಡೋರ ಷೇರು. ಇದು ನಂಗೇ ಅಂತ ಕೊಟ್ಟಿದ್ದು.”

ಎರಡು ವರ್ಷದಲ್ಲಿ ಬೆಲೆ ಅರವತ್ತಕ್ಕೆ ಇಳಿಯಿತು. ಹೆಂಡತಿ ಇಂದಿಗೂ ಒಂದೇ ಪಕ್ಕದಲ್ಲಿ ಅಗಿಯುತ್ತಾಳೆ. ಅವನು ಮಾತ್ರ ಇಸ್ತ್ರಿ ಮಾಡಿದ ಕೋಟು ತೊಟ್ಟು ಷೇರುದಾರರ ವಾರ್ಷಿಕ ಸಭೆಗೆ ಹೋಗಿ, ಕೊನೆಯ ಸಾಲಿನಲ್ಲಿ ಕೂತು, ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ.

“ಅಧ್ಯಕ್ಷರು ನನ್ನ ನೋಡಿ ತಲೆ ಆಡಿಸಿದ್ರು ಗೊತ್ತಾ?” ಎಂದು ಇಡೀ ಮಧ್ಯಾಹ್ನ ಹೇಳಿಕೊಂಡು ತಿರುಗಿದ.