ಸೊನ್ನೆಗೆ ಬಾರದ ಮುಳ್ಳು

ಮೊನ್ನೆ ತರಕಾರಿ ಗಾಡಿಯವನ ಸ್ಪ್ರಿಂಗ್ ತಕ್ಕಡಿಯಲ್ಲಿ ಏನೂ ಇರಲಿಲ್ಲ, ಆದರೂ ಮುಳ್ಳು ಸೊನ್ನೆ ದಾಟಿ ನಿಂತಿತ್ತು. ನನ್ನ ಸೊಸೆ ಅವನ ಮೇಲೆ ಜಗಳಕ್ಕೆ ಹೋದಳು. ನಾನು ಒಳಗೆ ಬಂದು ಕುಳಿತುಬಿಟ್ಟೆ. ಯಲಹಂಕದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಅಟೆಂಡರ್ ನೆನಪಾಗಿದ್ದರು...

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದ್ದ ವಿಜ್ಞಾನದ ಟೀಚರು. ಆತ ಹುಣಸಮಾರನಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆಗ ಏಕವಚನದಲ್ಲೇ ಕೂಗುತ್ತಿದ್ದೆ. ಈಗ ಬಹುವಚನ ಬರುತ್ತದೆ, ಏನು ಬಂತು ಭಾಗ್ಯ! ಏಳು ವರ್ಷದಿಂದ ಅವರದು ಹಂಗಾಮಿ ಕೆಲಸ. ಆ ಸಲ ಇನ್‌ಸ್ಪೆಕ್ಟರು ಬಂದು ಒಪ್ಪಿದರೆ ಖಾಯಂ ಆಗುವುದಿತ್ತು.

ಇನ್‌ಸ್ಪೆಕ್ಷನ್ನಿಗೆ ಎರಡು ದಿನವಿತ್ತು. ಭಾರ ಹೆಚ್ಚಿದಷ್ಟೂ ಸ್ಪ್ರಿಂಗ್ ಹೇಗೆ ಉದ್ದವಾಗುತ್ತದೆಂದು ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರು ಕಾಣುತ್ತಿಲ್ಲವೆಂದು ನಕ್ಕರು. ನಾನು ಇನ್ನೊಂದು ತೂಕದ ಬಿಲ್ಲೆ ಎತ್ತಿಕೊಂಡೆ.

“ಸಾಕು ಅಮ್ಮಾವ್ರೇ, ಇನ್ನು ಆಕ್ಬ್ಯಾಡಿ. ವಾಪಸ್ ಬರಾಕಿಲ್ಲ,” ಎಂದರು ಪಕ್ಕದಲ್ಲಿ ಸಾಮಾನು ಹಿಡಿದು ನಿಂತಿದ್ದ ಆತ.

ಅಟೆಂಡರ್ ನನಗೆ ಪಾಠ ಹೇಳುವುದೇ? ಮೈಯೆಲ್ಲ ಉರಿಯಿತು. ಬೇಕೆಂದೇ ಎರಡು ಬಿಲ್ಲೆ ಹಾಕಿದೆ. ಎಲ್ಲ ತೆಗೆದಾಗ ಸುರುಳಿ ಮೇಲೆ ಬಂತು, ಪೂರ್ತಿ ಬರಲಿಲ್ಲ. ಮಕ್ಕಳಿಗೆ ಗೊತ್ತಾಗಲಿಲ್ಲ. ಆತನಿಗೆ ಗೊತ್ತಾಯಿತು.

ಸಂಜೆ ನಾನೊಬ್ಬಳೇ ಪ್ರಯೋಗಶಾಲೆಗೆ ಹೋಗಿ, ಸ್ಪ್ರಿಂಗಿನ ಪಕ್ಕದಲ್ಲಿದ್ದ ಅಳತೆ ಪಟ್ಟಿಯ ಪಿನ್ನು ಕಿತ್ತು, ಮುಳ್ಳು ಸೊನ್ನೆಗೆ ಸರಿಹೊಂದುವಂತೆ ಪಟ್ಟಿಯನ್ನು ಹಲಗೆಯ ಮೇಲೆ ಕೆಳಗೆ ಸರಿಸಿ ಚುಚ್ಚಿದೆ. ಬಾಗಿಲಲ್ಲಿ ಬೀಗ ಹಿಡಿದು ಆತ ನಿಂತಿದ್ದರು. ಹೆಡ್‌ಮಾಸ್ಟರಿಗೆ ಹೇಳಿಬಿಡಿ, ಹೊಸದು ತರಿಸುತ್ತಾರೆ ಎಂದರು. ನಾಳೆ ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಇನ್‌ಸ್ಪೆಕ್ಟರು ಕಣ್ಣಿಟ್ಟು ನೋಡುವ ಆಸಾಮಿ. ಒಂದಕ್ಕೊಂದು ದೂರವಾಗಿದ್ದ ಸುರುಳಿಗಳನ್ನು ನೋಡಿದರು, ಪಟ್ಟಿಗಿಂತ ಮೇಲೆ ಹಲಗೆಯಲ್ಲಿ ಉಳಿದಿದ್ದ ಹಳೇ ತೂತುಗಳನ್ನು ಬೆರಳಿನಿಂದ ಸವರಿದರು. ಹಾಳು ಮಾಡಿದ್ದಲ್ಲದೆ ಮುಚ್ಚಿಟ್ಟಿದ್ದು ಯಾರು ಎಂದು ಕೇಳಿದರು. ಹೆಡ್‌ಮಾಸ್ಟರು ಆತನತ್ತ ನೋಡಿದರು. ಆತ ನನ್ನತ್ತ ನೋಡಿದರು, ತುಂಬ ಹೊತ್ತು... ನನ್ನ ಕೆಲಸವೂ ಪ್ರೊಬೇಷನ್ನಿನಲ್ಲಿತ್ತು, ಮನೆಯಲ್ಲಿ ನನ್ನ ಸಂಬಳವೇ ಗತಿ. ಈ ಕಾರಣಗಳನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ. ಅವತ್ತು ನಾನು ನೆಲ ನೋಡಿದೆ.

“ಬೀಗದ್ ಕೈ ನನ್ ತಾವ್ಲೇ ಇರ್ತದೆ ಸ್ವಾಮಿ,” ಎಂದರು ಆತ. ಅಷ್ಟೇ. ನನ್ನ ಹೆಸರೆತ್ತಲಿಲ್ಲ.

ಮುಂದಿನ ಸೋಮವಾರ ಬೇರೆ ಯಾರೋ ಗಂಟೆ ಹೊಡೆದರು. ನಾನು ಖಾಯಂ ಆದೆ, ಹೆಡ್‌ಮಿಸ್ಟ್ರೆಸ್ ಆದೆ. ಬೀಳ್ಕೊಡುಗೆಯ ದಿನ ಹಾರ ಹಾಕಿ ನನ್ನ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದರು. ಅದು ಸಹಿಸಲಾಗದೆ ಮರುವಾರ ಹುಣಸಮಾರನಹಳ್ಳಿಗೆ ಹೋದೆ. ಆತ ತೀರಿಕೊಂಡು ಬಹಳ ಕಾಲವಾಗಿತ್ತು. ಕೆಲಸ ಹೋದ ಮೇಲೆ ಕಲ್ಲುಕ್ವಾರಿಯಲ್ಲಿ ದುಡಿದು ಎದೆ ಕೆಡಿಸಿಕೊಂಡಿದ್ದರಂತೆ. ಅವರ ಹೆಂಡತಿ ಚಾಪೆ ಹಾಸಿ ಕಾಫಿ ಕೊಟ್ಟರು.

“ಟೀಚರಮ್ಮ ಒಳ್ಳೇವ್ರು, ಇವತ್ತಲ್ಲ ನಾಳೆ ನಿಜ ಯೋಳ್ತಾರೆ ಅಂತಿದ್ರು. ಯಾವ್ ನಿಜಾನೋ ನಂಗೊತ್ತಿಲ್ಲ ಕಣಮ್ಮ,” ಎಂದರು.

ಹೇಳಲೆಂದೇ ಹೋಗಿದ್ದವಳು ನಾನು. ಕಾಫಿ ಕುಡಿದೆ, ಲೋಟ ಕೆಳಗಿಟ್ಟೆ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಈಗ ಆಕೆಯೂ ಇಲ್ಲವಂತೆ. ಕೇಳಬೇಕಾದವರು ಯಾರೂ ಉಳಿಯದ ಮೇಲೆ, ಧೈರ್ಯವಾಗಿ ಬರೆಯುತ್ತಿದ್ದೇನೆ.