ಜೋಳದ ಹಿಟ್ಟು ತೋರಿಸಿದ ಸೋರಿಕೆ

ನಮ್ಮ ಮನೆಯವರ ಬಲಗೈ ದಾಬೋಲಿಮ್‌ನಲ್ಲಿ ಕಟ್ಟಡವೊಂದರ ಸೆಂಟ್ರಿಂಗ್ ಹಲಗೆ ಮೇಲಿಂದ ಬಿದ್ದಾಗ ಹೋಯಿತು. ಹೋಯಿತು ಅಂದರೆ ಕೈ ಇದೆ, ಕಸುವಿಲ್ಲ. ತುಂಬಿದ ಕೊಡ ಎತ್ತಲಾರದು. ಎಷ್ಟೋ ತಿಂಗಳು ಗೋಡೆ ನೋಡುತ್ತ ಕೂತವರು ಮತ್ತೆ ಮನುಷ್ಯರಾದದ್ದು ಹಳೆಯ ಕಾರೊಂದನ್ನು ಕೊಂಡ ಮೇಲೆ. ಎಡಗೈ ಗೇರಿಗೆ ಬೇಕಲ್ಲ, ಹಾಗಾಗಿ ಸ್ಟೇರಿಂಗ್ ಬಲಗೈ ಪಾಲಿನದು. ಆದರೆ ಅದು ಎಣ್ಣೆಯ ಬಲದಲ್ಲಿ ನಡೆಯುವ ಪವರ್ ಸ್ಟೇರಿಂಗ್, ಬೆರಳು ತಾಗಿಸಿದರೆ ತಿರುಗುತ್ತಿತ್ತು. ಮಡ್ಕಯಿಯ ಫ್ಯಾಕ್ಟರಿಗಳಿಗೆ, ನಮ್ಮಂತೆ ಊರು ಬಿಟ್ಟು ದುಡಿಯಲು ಬಂದ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಪಾಳಿಗೆ ಬಿಟ್ಟು ಬರುವ ಕೆಲಸ ಹಿಡಿದರು. ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಸೀಟಿ ಹೊಡೆಯುತ್ತಿದ್ದರು. ನಾನು ಅದಕ್ಕೂ ಬೈಯುತ್ತಿದ್ದೆ, ಒಳಗೊಳಗೇ ಖುಷಿಪಡುತ್ತಿದ್ದೆ.

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟೇರಿಂಗ್ ಭಾರವಾಗತೊಡಗಿತು. ಅವರೇನೂ ಹೇಳಲಿಲ್ಲ, ಗಂಡಸರು ಹೇಳುವುದುಂಟೇ. ಕಾರು ನಿಲ್ಲುವ ಜಾಗದಲ್ಲಿ ಕೆಂಪು ಎಣ್ಣೆಯ ಕಲೆ ಕಂಡದ್ದು ನನಗೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಸ್ಟೇರಿಂಗ್ ಎಳೆದು ಸೋತ ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಲ್ಲಿ ರೊಟ್ಟಿ ಮುರಿದಾಗ ಸಂಗತಿ ಪೂರ್ತಿ ತಿಳಿಯಿತು.

ಗ್ಯಾರೇಜಿನವನು ಕಾರಿನ ಕೆಳಗೆ ಮಲಗಿ ನೋಡಿದ. ಚಕ್ರ ತಿರುಗಿಸುವ ರ‍್ಯಾಕ್ ಹತ್ತಿರ ಎಣ್ಣೆ ತೊಟ್ಟಿಕ್ಕುತ್ತಿದೆ, ಅದನ್ನೇ ಪೂರ್ತಿ ಬದಲಿಸಬೇಕು ಅಂದ. ಅವನು ಹೇಳಿದ ಖರ್ಚೋ, ಮೂಗಿಗಿಂತ ಮೂಗುತಿ ಭಾರ. ಇವರು ಚೌಕಾಸಿಗೂ ಇಳಿಯಲಿಲ್ಲ. ದೂರದ ವಾಳಪೈಯ ಗಿರಾಕಿಯೊಬ್ಬನಿಗೆ ಫೋನ್ ಮಾಡಿ, ಕಾರು ಮಾರುತ್ತೇನೆ, ಭಾನುವಾರ ಬಂದು ನೋಡಿ ಅಂದರು. ಆಮೇಲೆ ಮತ್ತೆ ಗೋಡೆ ಕಡೆ ಮುಖ ಮಾಡಿ ಕೂತರು. ಕಾರು ಹೋದರೆ ಹೋಗಲಿ, ಈ ಮನುಷ್ಯ ಮತ್ತೆ ಹಾಗೆ ಕೂತರೆ ನಾನು ತಡೆಯಲಾರೆ ಅನ್ನಿಸಿತು.

ಪಕ್ಕದ ಮನೆಯ ಭಾಯಿಯ ಬಾಗಿಲು ಬಡಿದೆ. ಅವರು ವಿಜಯಪುರದ ಕಡೆಯವರು, ಟೆಂಪೊ ಓಡಿಸುತ್ತಾರೆ, ನನ್ನನ್ನು ತಂಗಿ ಅನ್ನುತ್ತಾರೆ. ಅವರ ಟೆಂಪೊಗೂ ಒಮ್ಮೆ ಇದೇ ಆಗಿ, ರ‍್ಯಾಕ್ ಬದಲಿಸಿದ ಮೇಲೂ ಎಣ್ಣೆ ಸೋರುತ್ತಲೇ ಇತ್ತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ತಮ್ಮದು ಎಂದು ನಕ್ಕರು. ಭಾನುವಾರ ಬೆಳಿಗ್ಗೆಯೇ ಬಂದು ಬಾನೆಟ್ ಎತ್ತಿದರು.

"ಎಣ್ಣಿ ಮ್ಯಾಲಿಂದ ತಳಗ ಇಳೀತೈತ್ರಿ. ಹನಿ ಬೀಳೂ ಜಾಗಾ ಬ್ಯಾರೆ, ಸೋರೂ ಜಾಗಾ ಬ್ಯಾರೆ ಇರತೈತಿ," ಅಂದರು ನಮ್ಮವರಿಗೆ.

ಮೇಲಿನ ಎಣ್ಣೆ ಡಬ್ಬಿಯಿಂದ ಕೆಳಗಿನ ರ‍್ಯಾಕ್‌ವರೆಗೆ ಪೈಪುಗಳನ್ನೆಲ್ಲ ಹಳೆಯ ಲುಂಗಿಯಿಂದ ಒರೆಸಿ ಒಣಗಿಸಿದರು. ಆಮೇಲೆ ಮುಖಕ್ಕೆ ಹಚ್ಚುವ ಪೌಡರ್ ಕೇಳಿದರು. ಪೌಡರ್ ಹಚ್ಚುವ ಮುಖ ನಮ್ಮ ಮನೆಯಲ್ಲಿ ಯಾರದ್ದಿದೆ? ಜೋಳದ ಹಿಟ್ಟು ತಂದು ಪೈಪುಗಳ ಮೇಲೆಲ್ಲ ತೆಳ್ಳಗೆ ಉದುರಿಸಿದೆ. ತಿನ್ನುವ ಹಿಟ್ಟು ಎಂದು ಇವರು ಗೊಣಗಿದರು. ನೀವು ಸುಮ್ಮನೆ ಕಾರು ಚಾಲೂ ಮಾಡಿ ಎಂದೆ.

ಎಂಜಿನ್ ಶುರುವಾಯಿತು. ಇವರು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅತ್ತ ಇತ್ತ ತಿರುಗಿಸುತ್ತಿದ್ದರೆ, ಭಾಯಿ ಮತ್ತು ನಾನು ಹಿಟ್ಟನ್ನೇ ನೋಡುತ್ತ ನಿಂತೆವು. ಕೆಳಗೆ ರ‍್ಯಾಕ್ ಮೇಲಿನ ಹಿಟ್ಟು ಬೆಳ್ಳಗೇ ಇತ್ತು. ಮೇಲೆ, ಪೈಪು ಎಣ್ಣೆ ಡಬ್ಬಿಗೆ ಸೇರುವ ಕಡೆ ಮಾತ್ರ ಮೆಲ್ಲಗೆ ಕೆಂಪಗಾಗಿ ತೊಯ್ದಿತು. ನಾನು ಬೆರಳು ಮಾಡಿ ತೋರಿಸಿದೆ. ಎಣ್ಣೆ ಅಲ್ಲಿಂದ ಹೊರಟು ಪೈಪಿನ ಬೆನ್ನು ಹಿಡಿದು ಇಳಿದು, ಕೆಳಗೆ ಹೋಗಿ ರ‍್ಯಾಕ್ ಮೇಲೆ ಅಪವಾದ ಹೊರಿಸುತ್ತಿತ್ತು.

ಪೈಪನ್ನು ಬಿಗಿ ಹಿಡಿಯುವ ಕ್ಲಿಪ್ ಸಡಿಲಾಗಿತ್ತು, ಪೈಪಿನ ತುದಿ ಒಣಗಿ ಸೀಳು ಬಿಟ್ಟಿತ್ತು. ಎಂಜಿನ್ ತಣ್ಣಗಾದ ಮೇಲೆ ಭಾಯಿ ಸೀಳಿದ ತುದಿಯಷ್ಟನ್ನು ಕತ್ತರಿಸಿ, ಉಳಿದ ಪೈಪನ್ನು ಒತ್ತಿ ಕೂರಿಸಿ, ಹೊಸ ಕ್ಲಿಪ್ ಬಿಗಿದರು. ಆ ಕಾರಿಗೆ ಹೊಂದುವ ಎಣ್ಣೆ ತುಂಬಿಸಿದರು. ಖರ್ಚೆಂದರೆ ಅಷ್ಟೇ. ಸ್ಟೇರಿಂಗ್ ತಿರುಗಿಸಿ ನೋಡುವ ಕೆಲಸವನ್ನು ಮಾತ್ರ ಭಾಯಿ ತಾವೇ ಮಾಡದೆ ಇವರಿಗೆ ಬಿಟ್ಟರು.

"ನೀವೇ ಕುಂದರ್ರಿ. ನಿಮ್ಮ ಕೈ ಹೇಳಬೇಕು."

ಇವರು ಬಲಗೈಯೊಂದನ್ನೇ ಇಟ್ಟು ತಿರುಗಿಸಿದರು. ಕಾರಣವಿಲ್ಲದೆ ಮತ್ತೂ ತಿರುಗಿಸಿದರು. ನಾನು ಬೇರೆ ಕಡೆ ನೋಡಿದೆ, ಇಲ್ಲದಿದ್ದರೆ ಅಳುತ್ತಿದ್ದೆ.

ಮಧ್ಯಾಹ್ನ ಗಿರಾಕಿ ಬಂದ. ಚಹಾ ಕುಡಿದು, ಸ್ಟೇರಿಂಗ್ ಹಿಡಿದು ನೋಡಿ, ಭಾಳ ಹಗುರವಾಗಿದೆ, ಮಾತು ಮುಗಿಸೋಣ ಅಂದ. ನಾನು ಇವರ ಮುಖ ನೋಡಿದೆ.

"ತಪ್ಪು ತಿಳೀಬ್ಯಾಡ್ರಿ, ಗಾಡಿ ಕೊಡೂದಿಲ್ಲ," ಅಂದರು ನಮ್ಮವರು. "ಬರ್ರಿ, ಬಸ್ ಸ್ಟ್ಯಾಂಡಿಗೆ ಬಿಡತೀನಿ."

ಗಿರಾಕಿ ಮುಖ ಊದಿಸಿಕೊಂಡು ಹತ್ತಿದ. ನಮ್ಮ ಇಕ್ಕಟ್ಟಾದ ಓಣಿಯಲ್ಲಿ ಕಾರು ಸರಾಗವಾಗಿ ಹೊರಳಿ ಹೋಯಿತು. ನಾನು ಭಾಯಿಗೆ ಕೈ ಮುಗಿದೆ. ಇವತ್ತಿಗೂ ಅವರನ್ನು ನೆನೆದಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬಸ್ ಸ್ಟ್ಯಾಂಡ್ ಇಲ್ಲೇ ಹತ್ತಿರ. ಇವರು ಬಂದದ್ದು ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. ಗಿರಾಕಿಯನ್ನು ವಾಳಪೈಗೆ, ಅವನ ಮನೆ ಬಾಗಿಲಿಗೇ ಬಿಟ್ಟು ಬಂದಿದ್ದರು. ಬೈಯಲೆಂದೇ ಬಾಗಿಲಲ್ಲಿ ಕಾದಿದ್ದೆ.

"ಬಸ್ ಸ್ಟ್ಯಾಂಡ್ ಬಂತು ಖರೇ," ಅಂದರು, "ನಿಲ್ಲಸಾಕ ಮನಸ್ಸ ಬರಲಿಲ್ಲ."