ಹುಕ್ರಪ್ಪನ ಚುಕ್ಕೆ

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಟೈಂ ಕೀಪರ್ ಹುಕ್ರಪ್ಪನಿಗೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಕೆಲಸ, ಖಾಸಗಿ ಬಸ್ಸುಗಳು ಬಂದ ಹೊತ್ತು, ಬಿಟ್ಟ ಹೊತ್ತು ಪುಸ್ತಕದಲ್ಲಿ ಬರೆಯುವುದು. ಮುಂದಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನವ ತೋಳೇರಿಸಿಕೊಂಡು ಬರುವ ಊರದು. ಅಲ್ಲಿ ಹುಕ್ರಪ್ಪ ಬರೆದದ್ದೇ ತೀರ್ಪು.

2003ರ ಏಪ್ರಿಲಿನಲ್ಲಿ ವೇಣೂರು ಬಸ್ಸಿನ ಡ್ರೈವರೊಬ್ಬ ದೂರು ಕೊಟ್ಟ. ಹುಕ್ರಪ್ಪ ಹೋಟೆಲಿನಲ್ಲಿ ಚಾ ಕುಡಿಯುತ್ತ ಅಂದಾಜಿಗೆ ಟೈಂ ಗೀಚುತ್ತಾನಂತೆ! ಬಸ್ ಮಾಲಕರ ಸಂಘದ ಕಾರ್ಯದರ್ಶಿ ಅಬ್ದುಲ್ ಶುಕೂರ್ ಮುಖ ನೋಡದೆ ಹೇಳಿದರು: "ಹೌದಂತಾದರೆ ನೀವು ನಾಳೆಯಿಂದ ಬರುವುದು ಬೇಡ."

ಸ್ಟ್ಯಾಂಡಿನ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ನಸೀಬಾ ಇದನ್ನು ಕೇಳಿ, ಮೂರು ತಿಂಗಳ ಪುಸ್ತಕವನ್ನು ಎಕ್ಸೆಲ್‌ಗೆ ಹಾಕಿ ಇಬ್ಬರನ್ನೂ ಕರೆದಳು. "ಟೈಮಿನಿಂದ ನಿಮಿಷ ಮಾತ್ರ ಬಿಡಿಸಿಕೊಡುವ ಫಂಕ್ಷನ್ ಉಂಟು, ಹುಕ್ರಪ್ಪಣ್ಣ. ಅಂದಾಜಿಗೆ ಬರೆಯುವವರು ಹತ್ತು, ಹದಿನೈದು, ಇಪ್ಪತ್ತು ಅಂತಲೇ ಬರೀತಾರೆ. ಏಳು, ಹದಿಮೂರು ಬರೆಯುವುದಿಲ್ಲ. ನೋಡುವ."

8.10ರ ಬಸ್ಸಿನ ಎದುರು ನಿಮಿಷ 24 ಎಂದು ಬಂತು. ಶುಕೂರರ ಹುಬ್ಬು ಮೇಲೇರಿತು. ಹುಕ್ರಪ್ಪ ಕನ್ನಡಕ ಏರಿಸಿ ಪರದೆಗೆ ಬಗ್ಗಿದ.

"ನಾನು ಬರೆದದ್ದು ಎಂಟು ಹತ್ತು. ಇಲ್ಲಿ ಎಂಟು ಚುಕ್ಕೆ ಒಂದು ಅಂತ ಉಂಟು. ನನ್ನ ಸೊನ್ನೆ ಎಲ್ಲಿ ಹೋಯಿತು ಮಗಳೇ?"

ನಸೀಬಾ ನಾಲಿಗೆ ಕಚ್ಚಿಕೊಂಡಳು. ಊರಿನವರೆಲ್ಲರ ಹಾಗೆ ಹುಕ್ರಪ್ಪನೂ ಗಂಟೆಗೂ ನಿಮಿಷಕ್ಕೂ ನಡುವೆ ಒಂದೇ ಚುಕ್ಕೆ ಇಡುವವನು, ಅವಳು ಹಾಗೆಯೇ ಟೈಪ್ ಮಾಡಿದ್ದಳು. ಕಂಪ್ಯೂಟರಿಗೆ ಅದು ಹೊತ್ತೇ ಅಲ್ಲ, ಬರೀ ದಶಮಾಂಶ: ಎಂಟು ದಿನ, ಮೇಲೆ ದಿನದ ಹತ್ತನೇ ಒಂದು ಪಾಲು, ಅಂದರೆ ಎರಡು ಗಂಟೆ 24 ನಿಮಿಷ. ಎರಡು ದಿನ ಕೂತು ಚುಕ್ಕೆಯ ಮೇಲೊಂದು ಚುಕ್ಕೆ ಇಟ್ಟು, 8.10 ಇದ್ದದ್ದನ್ನು 8:10 ಮಾಡಿ, ಎಲ್ಲವನ್ನೂ ಮತ್ತೆ ಹೊಡೆದು ಇಬ್ಬರನ್ನೂ ಪುನಃ ಕರೆದಳು, ಪಾಪ.

ಈ ಸಲ ಹಲಸಿನ ಸೊಳೆ ಬಿಡಿಸಿದ ಹಾಗೆ ಗಂಟೆ ಒಂದು ಕಡೆ, ನಿಮಿಷ ಒಂದು ಕಡೆ ಸರಸರನೆ ಬಿದ್ದವು. 7, 13, 19, 41, 58. ಹುಕ್ರಪ್ಪ ಪರದೆಗೆ ಇನ್ನಷ್ಟು ಬಗ್ಗಿದ. ಬಿಸಿಲಲ್ಲಿ ನಿಂತು ತಾನೇ ಮರೆತ ನಿಮಿಷಗಳೆಲ್ಲ ಒಂದೂ ಬಿಡದೆ ಅಲ್ಲಿದ್ದವು. ಯಾರೂ ನೋಡಲಿಲ್ಲವೆಂದುಕೊಂಡ ದುಡಿತವನ್ನು ಈ ಪೆಟ್ಟಿಗೆ ನೋಡಿತ್ತಲ್ಲ!

ಅಷ್ಟರಲ್ಲಿ ಪರದೆಯ ಮೇಲೆ ಓಡುತ್ತಿದ್ದ ಶುಕೂರರ ಬೆರಳು ನಿಂತಿತು. ಫೆಬ್ರವರಿ ಹನ್ನೊಂದು. ಬೆಳಗಿನಿಂದ ಸಂಜೆಯವರೆಗೆ 5, 10, 20, 30, 45. ಬೇರೆ ಅಂಕಿಯೇ ಇಲ್ಲ.

ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ. ಹುಕ್ರಪ್ಪನಿಗೆ ಸುಮ್ಮನಿರಲು ಆಗಲಿಲ್ಲ.

"ಆ ದಿನ ನಾನು ಇಲ್ಲಿರಲಿಲ್ಲ ಸಾಹೇಬ್ರೇ. ಹೆಂಡತಿ ಸೇಸಮ್ಮನನ್ನು ಮಂಗಳೂರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಜೆ ಕೇಳಿದರೆ ಬೇರೆಯವನನ್ನು ಇಡ್ತೀರಿ ಅಂತ ಹೆದರಿಕೆ. ಮರುದಿನ ಬಂದು ಅಂದಾಜಿಗೆ ತುಂಬಿಸಿದೆ."

ಶುಕೂರ್ ಆ ಸಾಲನ್ನು ಬೆರಳಿನಿಂದ ತಟ್ಟಿದರು. "ಈ ಒಂದು ದಿನ ಇಲ್ಲದಿದ್ದರೆ ನಿಮ್ಮ ಸುಳ್ಳು ಹೇಗಿರ್ತದೆ ಅಂತ ನನಗೆ ಗೊತ್ತೇ ಆಗ್ತಿರಲಿಲ್ಲ ಹುಕ್ರಪ್ಪ. ಉಳಿದ ಎಂಬತ್ತೊಂಬತ್ತು ದಿನವನ್ನು ಈಗ ನಂಬ್ತೇನೆ."

ಮೆಟ್ಟಿಲಿಳಿಯುವಾಗ ತಿರುಗಿ ಹೇಳಿದರು: "ಇನ್ನು ಆಸ್ಪತ್ರೆಗೆ ಹೋಗುವ ದಿನ ಪುಸ್ತಕ ಖಾಲಿ ಬಿಡಿ. ನಾನು ಬಂದು ಬರೀತೇನೆ."

ಕೆಳಗೆ ವೇಣೂರು ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹುಕ್ರಪ್ಪ ಕಣ್ಣೊರೆಸಿಕೊಂಡು ಇಳಿದು ಹೋಗಿ, 4 ಬರೆದು, ಚುಕ್ಕೆಯ ಮೇಲೆ ಚುಕ್ಕೆ ಇಟ್ಟು, 17 ಎಂದು ಬರೆದ.